ಆಪರೇಷನ್ ಇಲ್ಲದೆ ಕೂಡಿದ ದವಡೆ

'ಆಪರೇಷನ್ ಬೇಡ' ಎಂದು ಡಾಕ್ಟರು ಹೇಳಿದರೆ ನಮ್ಮವರಿಗೆ ಸಮಾಧಾನಕ್ಕಿಂತ ಸಂಶಯವೇ ಹೆಚ್ಚು. ಬಡವರೆಂದು ಕೈಬಿಟ್ಟರೇನೋ ಎಂಬ ಸಂಶಯ. ತಮ್ಮನ ದವಡೆ ಮುರಿದಾಗ ಬಂಟ್ವಾಳದ ನಮ್ಮ ಮನೆಯಲ್ಲೂ ಹೀಗೇ ಆಯಿತು.

ಅವನು ಬಿ.ಸಿ.ರೋಡಿನಿಂದ ಮೂಡಬಿದಿರೆ, ಬೆಳ್ತಂಗಡಿಗಳಿಗೆ ಗೂಡ್ಸ್ ರಿಕ್ಷಾ ಓಡಿಸುವವನು. ಮಳೆಗಾಲದಲ್ಲೊಮ್ಮೆ ವೇಣೂರಿನ ಬಳಿ ಬೈಕ್ ಜಾರಿ ಗದ್ದ ರಸ್ತೆಗೆ ಬಡಿಯಿತು. ಒಂದು ಕ್ಲಿನಿಕ್ಕಿನಲ್ಲಿ ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿ ಕಳುಹಿಸಿದರು. ಆದರೆ ಹೆಚ್ಚು ನೋವಿದ್ದದ್ದು ಎಡ ಕಿವಿಯ ಮುಂದೆ. ಮೂರು ದಿನಗಳ ಬಳಿಕ ಉಮ್ಮ ಗಮನಿಸಿದರು: "ಬಾಯಿ ತೆರೆದರೆ ಇವನ ಗದ್ದ ಎಡಕ್ಕೆ ಹೋಗುತ್ತದಲ್ಲಾ?" ಹಲ್ಲುಗಳೂ ಸರಿಯಾಗಿ ಕೂರುತ್ತಿರಲಿಲ್ಲ.

ದೇರಳಕಟ್ಟೆಯಲ್ಲಿ ಎಕ್ಸ್‌ರೇ ತೆಗೆದಾಗ ದವಡೆ ಕೀಲಿನ ಕತ್ತು ಮುರಿದದ್ದು ಕಂಡಿತು. ಗದ್ದಕ್ಕೆ ಬಿದ್ದ ಪೆಟ್ಟು ದವಡೆಯುದ್ದಕ್ಕೂ ಸಾಗಿ ಆ ತೆಳ್ಳಗಿನ ಜಾಗವನ್ನು ಮುರಿಯುತ್ತದೆ. ಅದೂ ಒಂದು ರಕ್ಷಣೆಯೇ. ಇಲ್ಲದಿದ್ದರೆ ಪೆಟ್ಟು ತಲೆಬುರುಡೆಗೆ ತಾಗೀತು.

ಮುರಿದ ತುಂಡು ಹೆಚ್ಚು ಸರಿದಿರಲಿಲ್ಲ. ತುಂಬಾ ಸರಿದಿದ್ದರೆ, ಹಲ್ಲುಗಳನ್ನು ಕೂಡಿಸಲು ಆಗದಿದ್ದರೆ ಪ್ಲೇಟ್ ಹಾಕುವುದೇ ಒಳ್ಳೆಯದಂತೆ. ಆದರೆ ಮುಖದ ನರ ಅಲ್ಲೇ ಹಾದುಹೋಗುವುದರಿಂದ ಅಗತ್ಯವಿಲ್ಲದೆ ಕೊಯ್ಯುವುದಿಲ್ಲ. ಮೇಲಿನ, ಕೆಳಗಿನ ಹಲ್ಲುಗಳಿಗೆ ಲೋಹದ ಪಟ್ಟಿ ಕಟ್ಟಿ, ಎರಡನ್ನೂ ತಂತಿಯಿಂದ ಬಿಗಿದರು. ವಾಂತಿಯಾದರೆ ತಕ್ಷಣ ತಂತಿ ತುಂಡರಿಸಲು ಕಟ್ಟರ್ ಹತ್ತಿರ ಇಟ್ಟುಕೊಳ್ಳಲು ಹೇಳಿದರು. ಎರಡು ವಾರ ಗಂಜಿತಿಳಿ, ಎಳನೀರು, ಸೋಸಿದ ಹುರುಳಿ ಸಾರು. ಮೀನಿನ ಪರಿಮಳ ಬಂದರೆ ಅವನು ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಊರಿನ ಹಿರಿಯರೊಬ್ಬರು "ಎಲುಬಲ್ಲವೇ, ಮೂರು ತಿಂಗಳು ಕಟ್ಟಿಯೇ ಇರಲಿ" ಎಂದರು. ಕೈಕಾಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೀಲನ್ನು ಬಹುಕಾಲ ಅಲುಗಾಡಿಸದಿದ್ದರೆ ಅದು ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗಬಹುದು. ಎರಡು ವಾರ ಕಳೆದಾಗ ತಂತಿ ತೆಗೆದು ಸಣ್ಣ ರಬ್ಬರ್ ಬ್ಯಾಂಡ್ ಹಾಕಿದರು. ನಿಜವಾದ ಚಿಕಿತ್ಸೆ ಶುರುವಾದದ್ದೇ ಆಗ, ಅದೂ ಮನೆಯಲ್ಲಿ.

ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕು. ಕೆಲವು ದಿನಗಳಿಗೊಮ್ಮೆ ಒಂದು ಕಡ್ಡಿ ಹೆಚ್ಚಿಸಬೇಕು. ಕನ್ನಡಿಯ ಮುಂದೆ ನಿಂತು ಗದ್ದ ವಾಲದಂತೆ ಬಾಯಿ ತೆರೆಯಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು. "ಇದಕ್ಕಿಂತ ಆಪರೇಷನ್ನೇ ಆಗುತ್ತಿತ್ತು" ಎಂದು ಅವನು ಕೂಗಾಡಿದ ದಿನಗಳೂ ಇದ್ದವು. ದಿನಕ್ಕೆ ನಾಲ್ಕು ಬಾರಿ ಕಡ್ಡಿ ಎಣಿಸುವ ಕೆಲಸವನ್ನು ಉಮ್ಮ ವಹಿಸಿಕೊಂಡರು. ಅವರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಬಾಯೊಳಗೆ ತೂರಿಸಲು, ಅಂದರೆ ಸುಮಾರು 40 ಮಿಲಿಮೀಟರ್ ತೆರೆಯಲು, ಮೂರು ತಿಂಗಳು ಹಿಡಿಯಿತು. ಪೂರ್ತಿ ಬಾಯಿ ತೆರೆದರೆ ಗದ್ದ ಈಗಲೂ ತುಸು ಎಡಕ್ಕೆ ಸರಿಯುತ್ತದೆ. ಕೋರಿರೊಟ್ಟಿ ಅಗಿಯಲು ಅದರಿಂದ ಏನೂ ತೊಂದರೆಯಿಲ್ಲ.