ಕಿಟಕಿಗೆ ತಕ್ಕ ಗಿಡ

ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೂರನೆಯ ಮಹಡಿಯ ವಾಸವೆಂದರೆ, ಹಿತ್ತಿಲೆಂಬುದು ಊರಿಗೆ ಹೋದಾಗ ಮಾತ್ರ ಕಾಣುವ ವಸ್ತು. ನಮ್ಮಂಥ ಗುಮಾಸ್ತರ ಭೂಮಿಕಾಣಿಯೆಲ್ಲ ಒಂದು ಕುಂಡದಷ್ಟು. ಆ ಕುಂಡದಲ್ಲಿ ಏನಿಡಬೇಕೆಂಬುದು ಆದ್ದರಿಂದಲೇ ಸಣ್ಣ ಪ್ರಶ್ನೆಯಲ್ಲ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅಮ್ಮನಿಗಾಗಿ. ತಂದೆಯವರು ತೀರಿಕೊಂಡ ಮೇಲೆ ಅವರು ಹಾಸನದ ಕಡೆಯ ಹಳ್ಳಿಯನ್ನು ಬಿಟ್ಟು ನಮ್ಮಲ್ಲಿಗೆ ಬಂದರು. ಅಲ್ಲಿ ಬೆಳಗಾದರೆ ಅರಳಿಕಟ್ಟೆಯ ಪ್ರದಕ್ಷಿಣೆ. ಇಲ್ಲಿ ಕಣ್ಣೆದುರಿಗೆ ಇನ್ನೊಂದು ಬ್ಲಾಕಿನ ಗೋಡೆ. ದೂರು ಹೇಳುವ ಸ್ವಭಾವ ಅವರದಲ್ಲ. ಮಾತು ಮಾತ್ರ ಕಡಿಮೆಯಾಯಿತು. ಅರಳಿಯನ್ನು ಮನೆಯೊಳಗೆ ತರಲು ಅವರು ಒಪ್ಪುವವರಲ್ಲ. ಅದರ ದಾಯಾದಿಯಾದರೂ ಬರಲೆಂದು ಗಂಡಹೆಂಡಿರಿಬ್ಬರೂ ನರ್ಸರಿಗೆ ಹೊರಟೆವು.

ಇಂಗ್ಲಿಷಿನವರು ವೀಪಿಂಗ್ ಫಿಗ್, ಎಂದರೆ ಅಳುವ ಅತ್ತಿ, ಎಂದು ಕರೆಯುವ ಗಿಡವು ಆಲ, ಅರಳಿ, ಬಸರಿಗಳ ಕುಲದ್ದೇ. ಕೊಂಬೆಗಳು ಜೋಲುವುದರಿಂದ ಆ ಹೆಸರು. 1767ರಲ್ಲಿ ಲಿನೇಯಸನು ಇಟ್ಟ ಶಾಸ್ತ್ರೀಯ ನಾಮ ಫೈಕಸ್ ಬೆಂಜಮಿನ. ನೆಲದಲ್ಲಿ ಬಿಟ್ಟರೆ 100 ಅಡಿಯವರೆಗೂ ಏರಬಲ್ಲ ಮರ. ಕುಂಡದಲ್ಲಿಟ್ಟು ಸವರುತ್ತಿದ್ದರೆ ಆಳೆತ್ತರಕ್ಕೆ ನಿಲ್ಲುವ ಸಾಧು.

ನರ್ಸರಿಯಲ್ಲಿ ಅದರ ಬಗೆಗಳು ಸಾಲಾಗಿ ನಿಂತಿದ್ದವು. ಎಲೆಯಂಚಿಗೆ ಬಿಳಿ ಜರಿ ಹಾಕಿದಂತಿದ್ದ ಸ್ಟಾರ್‌ಲೈಟ್. ಅಂಚು ಅಲೆಯಲೆಯಾದ ಎಕ್ಸೋಟಿಕಾ. ಪುಟ್ಟ ಎಲೆಗಳ ನತಾಶಾ. ಹೊಳೆಯುವ ಕಡುಹಸುರಿನ ಡೇನಿಯೆಲ್. ಮದುವೆ ಮನೆಯ ಸೀರೆಗಳಂತೆ ಮೊದಲು ಕಣ್ಣು ಸೆಳೆದದ್ದು ಜರಿಯಂಚಿನದೇ. ಆದರೆ ಅಲ್ಲಿಯ ಮಾಲಿ ಬೆಲೆ ಹೇಳುವುದಕ್ಕೆ ಮುಂಚೆ, ನಿಮ್ಮ ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಿದ. ಉತ್ತರಕ್ಕೆ ಎಂದೆವು. ಹಾಗಾದರೆ ಕಡುಹಸುರಿನದು ಒಯ್ಯಿರಿ ಎಂದ. ಮಾತಿನಲ್ಲಿ ತಿರುಳಿದೆ. ಎಲೆಯ ಹಸುರೇ ಅದರ ಅಡುಗೆಮನೆ. ಬಿಳಿಯ ಭಾಗದಲ್ಲಿ ಒಲೆ ಹತ್ತದು. ಆದ್ದರಿಂದ ಬಿಳಿಯಂಚಿನ ಬಗೆಗೆ ಬೆಳಕು ಹೆಚ್ಚು ಬೇಕು, ಬೆಳವಣಿಗೆಯೂ ನಿಧಾನ. ಡೇನಿಯೆಲ್ಲನ್ನೇ ತಂದೆವು.

ತಂದು ಕಿಟಕಿಯ ಪಕ್ಕ, ಕೂಲರಿನ ಗಾಳಿ ತಾಗದ ಕಡೆ ಇಟ್ಟೆವು. ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆಯೇ ನೀರು. ಎಲೆ ಮುರಿದರೆ ಬರುವ ಹಾಲು ಕೆಲವರ ಚರ್ಮಕ್ಕೆ ಆಗದು. ಹೊಟ್ಟೆಗೆ ಹೋದರೂ ಕೆಡುಕು. ಮನೆಯಲ್ಲಿ ಎರಡು ವರ್ಷದ ಮಗುವಿರುವುದರಿಂದ ಕುಂಡವು ಎತ್ತರದ ಸ್ಟೂಲನ್ನೇರಿತು.

ಎರಡು ವಾರದಲ್ಲಿ ಎಲೆ ಉದುರಲಾರಂಭಿಸಿತು. ಜಾಗ ಬದಲಾದರೆ ಈ ಜಾತಿ ಹೀಗೆಯೇ. ಹೊಸ ಬೆಳಕಿಗೆ ಹೊಂದುವ ತನಕ ಹಳೆಯ ಎಲೆಗಳನ್ನು ಬಿಡುತ್ತದೆ. ಬಾಲ್ಕನಿಗೆ ಒಯ್ಯೋಣವೇ ಎಂದು ಯೋಚಿಸುವಾಗ ಅಮ್ಮ, “ಅದರ ಪಾಡಿಗೆ ಅದನ್ನ ಬಿಡ್ರೋ” ಎಂದರು. ದಿನವೂ ಒದ್ದೆ ಬಟ್ಟೆಯಿಂದ ಉಳಿದ ಎಲೆಗಳನ್ನು ಒರೆಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಅದರೊಡನೆ ಊರಿನ ಸುದ್ದಿಯೆಲ್ಲ ಆಡತೊಡಗಿದರು. ತಿಂಗಳೆರಡು ಕಳೆಯುವಷ್ಟರಲ್ಲಿ ತುದಿಗಳಲ್ಲಿ ಎಳೆಯ ಚಿಗುರು ಕಂಡಿತು.

ಆ ವಾರವೇ ಪುಣೆಯಿಂದ ತಮ್ಮನ ಫೋನು ಬಂದಿತು. ಅಮ್ಮ ಆರು ತಿಂಗಳು ನಿಮ್ಮಲ್ಲಿ, ಆರು ತಿಂಗಳು ನಮ್ಮಲ್ಲಿ ಇರಲಿ ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ನ್ಯಾಯವಾದ ಪಾಲೂ ಹೌದು. ಏನಮ್ಮಾ ಎಂದು ಕೇಳಿದೆವು. ಅಮ್ಮ ಒರೆಸುತ್ತಿದ್ದ ಎಲೆಯನ್ನು ಬಿಡದೆ, “ಈ ಗಿಡಾನ ಕೇಳಿ, ಹೇಳುತ್ತೆ” ಎಂದು ನಕ್ಕರು. ಅವರು ನಕ್ಕದ್ದನ್ನು ಕಂಡು ಬಹಳ ದಿನವಾಗಿತ್ತು.

ರಜೆಗೆ ಮಕ್ಕಳನ್ನು ಕರೆದುಕೊಂಡು ನೀವೇ ಇಲ್ಲಿಗೆ ಬನ್ನಿರೆಂದು ತಮ್ಮನಿಗೆ ತಿಳಿಸಿದೆವು.