ಏಲಕ್ಕಿ ಚೀಲದ ಪತ್ತೇದಾರಿ

ಪತ್ತೇದಾರಿ ಕಾದಂಬರಿಯ ಹುಚ್ಚನ್ನು ನನಗೆ ಹಿಡಿಸಿದ್ದು ನಮ್ಮಮ್ಮ. ಅವರ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ, ಎನ್. ನರಸಿಂಹಯ್ಯನವರ ಪುಸ್ತಕಗಳಿದ್ದವು. ಪತ್ತೇದಾರ ಪುರುಷೋತ್ತಮ ಕಳ್ಳನನ್ನು ಹಿಡಿಯುವ ತನಕ ನಮ್ಮನೆಯಲ್ಲಿ ಸಂಜೆಯ ಕಾಫಿಗೆ ಒಲೆ ಹತ್ತುತ್ತಿರಲಿಲ್ಲ! ಆಮೇಲೆ ನನ್ನ ಕೈಗೆ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1985ರಲ್ಲಿ ಅಚ್ಚಾಗಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ಪುಸ್ತಕ. ಕೆಸರೂರು ಅನ್ನೋ ಮಲೆನಾಡಿನ ಸಣ್ಣ ಊರು. ಏಲಕ್ಕಿ ಬೆಳೆ ಕುಸಿಯುತ್ತಾ ಬಂದಿದೆ, ಏಲಕ್ಕಿಯ ವಿಜ್ಞಾನಿಯೊಬ್ಬ ಸತ್ತಿದ್ದಾನೆ, ಅದೇಕೆ ಅಂತ ಪತ್ತೆ ಮಾಡಲು ಅಂಗಡಿ ಅನ್ನೋ ಅಧಿಕಾರಿ ಬರುತ್ತಾನೆ. ಬಂದವನು ಸರ್ಕಾರದ ಮನುಷ್ಯನೇ ಆದರೂ ಊರಿನವರೆಲ್ಲ ತಾವೂ ಒಂದೊಂದು ಪತ್ತೇದಾರಿ ಮಾಡುತ್ತಿರುತ್ತಾರೆ. ಸಣ್ಣ ಊರಿನಲ್ಲಿ ಬಾಳುವೆ ಮಾಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?

ಕೆಸರೂರು ಭೂಪಟದಲ್ಲಿಲ್ಲ. ಆದರೆ ತೇಜಸ್ವಿಯವರು ಬಾಳಿದ್ದು ಮೂಡಿಗೆರೆಯಲ್ಲಿ, 2007ರ ಏಪ್ರಿಲ್‌ನಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ನಮ್ಮ ಸೋದರತ್ತೆಯನ್ನು ಕೊಟ್ಟಿರುವುದೂ ಮೂಡಿಗೆರೆ ಕಡೆಗೇ. 2023ರ ಡಿಸೆಂಬರಿನಲ್ಲಿ ನಾನು ಅಲ್ಲಿಗೆ ಹೊರಟದ್ದು ಪುಸ್ತಕದ ಊರು ನೋಡಲಿಕ್ಕೆ ಅಂತ ಮನೆಯಲ್ಲಿ ಹೇಳಿದೆ. ಒಳಗಿನ ವಿಷಯ ಬೇರೆಯೇ ಇತ್ತು.

ನಾನು ಮದುವೆಯಾಗಿ ಸೋಲದೇವನಹಳ್ಳಿಗೆ ಬಂದಾಗಿನಿಂದ ಪ್ರತಿ ದೀಪಾವಳಿಗೆ ಅತ್ತೆಯ ಕಡೆಯಿಂದ ಒಂದು ಏಲಕ್ಕಿ ಚೀಲ ಬರುತ್ತಿತ್ತು. ಹಳೇ ಸೀರೆಯ ತುಂಡಿನಲ್ಲಿ ಕೈಯಲ್ಲೇ ಹೊಲಿದ, ಅಂಗೈಯಗಲದ ಚೀಲ. ಬಿಚ್ಚಿದರೆ ಮನೆಯೆಲ್ಲ ಘಮ್ಮೆನ್ನುತ್ತಿತ್ತು. 2019ರ ದೀಪಾವಳಿಗೆ ಅದು ಬರಲಿಲ್ಲ. ಆ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದಿದ್ದವು, ಪಾಪ, ಇನ್ನೆಲ್ಲಿಯ ಏಲಕ್ಕಿ ಅಂದುಕೊಂಡೆ. ಮರುವರ್ಷ ಕೊರೊನಾ ಅಂದುಕೊಂಡೆ. ಅದರ ಮರುವರ್ಷ ಯಾವ ನೆಪವೂ ಹೊಳೆಯಲಿಲ್ಲ. ಫೋನಿನಲ್ಲಿ ಅತ್ತೆ ಎರಡೇ ಮಾತು: “ಚೆನ್ನಾಗಿದೀಯಾ? ಮಕ್ಕಳು ಚೆನ್ನಾಗಿದಾರಾ?” ಏನೋ ಮುನಿಸು ಅಂತ ಗೊತ್ತಾಯಿತು. ಎಷ್ಟು ಲೆಕ್ಕ ಹಾಕಿದರೂ ನನಗೆ ನೆನಪಾಗುತ್ತಿದ್ದದ್ದು ಆ ವರ್ಷದ ಮೇ ತಿಂಗಳಿನ ನಮ್ಮ ಗೃಹಪ್ರವೇಶ. ಅವತ್ತು ಪಾಯಸ ಬಡಿಸುವಾಗ ಎಲ್ಲರ ಮುಂದೆ ಅತ್ತೆಯನ್ನು ಹೊಗಳಿದ್ದೆ. “ನಮ್ಮತ್ತೆ ತೋಟದ ಏಲಕ್ಕಿ ನೋಡಿ, ಈಗೀಗ ಅಂಗಡಿ ಏಲಕ್ಕಿ ಥರಾನೇ ದಪ್ಪ, ಹಸಿರು!” ಅತ್ತೆ ಎಲೆಯಿಂದ ತಲೆ ಎತ್ತಲಿಲ್ಲ. ಊಟ ಮುಗಿದದ್ದೇ ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಬಿಟ್ಟರು. ಹೊಗಳಿದ್ದಕ್ಕೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ? ಈ ಪ್ರಶ್ನೆಯನ್ನು ನಾಲ್ಕು ವರ್ಷ ಹೊತ್ತುಕೊಂಡಿದ್ದೆ.

ಮಗಳನ್ನು ಜೊತೆಗೆ ಕರೆದುಕೊಂಡು ಬೆಳಗಿನ ಜಾವ ಹೊರಟೆ. ನಮ್ಮ ಸೋಲದೇವನಹಳ್ಳಿ ಸ್ಟೇಷನ್ನು ತುಮಕೂರು ಹಾದಿಯಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುವ ಸಣ್ಣ ಸ್ಟೇಷನ್ನು. ಪಶ್ಚಿಮಕ್ಕೆ ಹೋಗಬೇಕಾದ ನಾವು ಮೊದಲು ಪೂರ್ವಕ್ಕೆ ಯಶವಂತಪುರಕ್ಕೆ ಹೋಗಿ, ಅಲ್ಲಿ ಹಾಸನದ ರೈಲು ಹತ್ತಿದೆವು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ಈ ನೇರ ದಾರಿ 2017ರಲ್ಲಿ ಶುರುವಾದದ್ದು. ಅದಕ್ಕೆ ಮುಂಚೆ ರೈಲಿನಲ್ಲಿ ಹಾಸನಕ್ಕೆ ಹೋಗುವವರು ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಬೇಕಿತ್ತು. ಚಿತ್ರಾನ್ನದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಹಾಸನ ಬಂತು. ಅಲ್ಲಿಂದ ಬೇಲೂರಿಗೆ ಬಸ್ಸು. ಚೆನ್ನಕೇಶವನಿಗೆ ಹೊರಗಿನಿಂದಲೇ ಕೈ ಮುಗಿದು ಮೂಡಿಗೆರೆ ಬಸ್ಸು ಹತ್ತಿದೆವು.

ಬೇಲೂರು ದಾಟಿದ ಮೇಲೆ ರಸ್ತೆ ಬೇರೆಯಾಗುತ್ತದೆ. ರಾಗಿ ಹೊಲ, ತೆಂಗು ಹಿಂದೆ ಬಿದ್ದು ಸಿಲ್ವರ್ ಮರಗಳು ಎದ್ದು ನಿಲ್ಲುತ್ತವೆ. ಅವುಗಳ ಮೈಗೆ ಮೆಣಸಿನ ಬಳ್ಳಿ, ಬುಡದಲ್ಲಿ ಕಾಫಿ ಗಿಡ. ಕಾಫಿ ಕೊಯ್ಲಿನ ಕಾಲ. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣು ಬಿಡಿಸುತ್ತಿದ್ದರು. ಮೂಡಿಗೆರೆ ಸುಮಾರು 3,000 ಅಡಿ ಎತ್ತರದ ಊರು. ಇಳಿದ ಕೂಡಲೇ ಮಗಳು ಸ್ವೆಟರ್ ಹಾಕಿಕೊಂಡಳು. ಬಸ್ ನಿಲ್ದಾಣ, ಗೊಬ್ಬರದಂಗಡಿ, ಕಾಫಿ–ಮೆಣಸು ಕೊಳ್ಳುವ ಮಂಡಿಗಳು, ಗಮ್‌ಬೂಟು ತೂಗುಹಾಕಿದ ಅಂಗಡಿಗಳು. ಇಬ್ಬರು ಹೊಸಬರು ಇಳಿದರೆಂದು ಹತ್ತು ಜನ ತಿರುಗಿ ನೋಡಿದರು. ಕೆಸರೂರೇ ಇದು ಅಂದುಕೊಂಡೆ.

ಅತ್ತೆ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಹಣ್ಣು, ಹೂವು ಕೊಂಡು, ಹಾಗೇ ಒಂದು ಮಸಾಲೆ ಅಂಗಡಿಗೆ ಹೋದೆ. ಅಲ್ಲಿ ಎರಡು ಡಬ್ಬಗಳಲ್ಲಿ ಏಲಕ್ಕಿ ಇತ್ತು. ಒಂದರಲ್ಲಿ ಉದ್ದನೆಯ, ದಪ್ಪನೆಯ, ಗಿಣಿಹಸಿರಿನ ಕಾಯಿ. ಇನ್ನೊಂದರಲ್ಲಿ ಸಣ್ಣ ಸಣ್ಣ, ದುಂಡನೆಯ, ಮಾಸಲು ಬಣ್ಣದ ಕಾಯಿ. ಏನು ವ್ಯತ್ಯಾಸ ಅಂತ ಕೇಳಿದೆ. “ದಪ್ಪದ್ದು ಕೇರಳದ್ದಮ್ಮ. ಸಣ್ಣದು ನಮ್ಮ ಕಡೇದು, ಈಗ ಬರೋದೇ ಕಮ್ಮಿ” ಅಂದರು ಅಂಗಡಿಯವರು.

ನಾನು ನಿಂತಲ್ಲೇ ನಿಂತೆ. ಮದುವೆಯಾದ ಹೊಸದರಲ್ಲಿ ಬರುತ್ತಿದ್ದ ಚೀಲದಲ್ಲಿದ್ದದ್ದು ಆ ಸಣ್ಣ ದುಂಡು ಕಾಯಿ. ಆಮೇಲಾಮೇಲೆ ಬಂದದ್ದು ಉದ್ದನೆಯ ಹಸಿರು ಕಾಯಿ. ಚೀಲ ಅದೇ, ಹೊಲಿಗೆ ಅದೇ, ಒಳಗಿನ ಕಾಯಿ ಮಾತ್ರ ಬೇರೆ! ಮಲೆನಾಡಿನ ತೋಟಗಳಲ್ಲಿ ಹಿಂದಿನಿಂದ ಇರುವುದು ಮಲಬಾರ್ ತಳಿ, ಕಾಯಿ ಸಣ್ಣದು, ದುಂಡಗೆ. ಕೇರಳದ ಇಡುಕ್ಕಿಯಲ್ಲಿ ರೈತರೊಬ್ಬರೇ ಆರಿಸಿ ಬೆಳೆಸಿದ ಞಳ್ಳಾನಿ ಎಂಬ ತಳಿಯದು ದಪ್ಪ ಕಾಯಿ, ಇಳುವರಿಯೂ ಬಹಳ ಹೆಚ್ಚು. ಪುರುಷೋತ್ತಮನಾಗಿದ್ದರೆ ಮೊದಲ ವರ್ಷವೇ ಹಿಡಿಯುತ್ತಿದ್ದ. ನಾನು ಇಪ್ಪತ್ತು ವರ್ಷ ಅದೇ ಏಲಕ್ಕಿಯನ್ನು ಕುಟ್ಟಿ ಪುಡಿ ಮಾಡಿದವಳು, ನೋಡಲಿಲ್ಲ. ಅದೂ ಸಾಲದೆಂದು ತುಂಬಿದ ಪಂಕ್ತಿಯಲ್ಲಿ ‘ಅಂಗಡಿ ಏಲಕ್ಕಿ ಥರ’ ಅಂದುಬಿಟ್ಟಿದ್ದೆ.

ಅತ್ತೆಯ ಮನೆ ಊರಿನಿಂದ ಒಳಗೆ. ಮಾವ ತೀರಿಕೊಂಡ ಮೇಲೆ ಮಗ ತೋಟ ನೋಡಿಕೊಳ್ಳುತ್ತಾನೆ. ನಮ್ಮನ್ನು ನೋಡಿದ್ದೇ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, “ಬಂದ್ಯಾ ಮಗಳೇ, ದಾರಿ ನೆನಪಿತ್ತಾ?” ಅಂದರು. ಬಿಸಿ ನೀರು, ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬೆಲ್ಲದ ಕಾಫಿ ಎಲ್ಲ ಆಯಿತು. ಏಲಕ್ಕಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಮಗಳಿಗೆ ತೋಟ ತೋರಿಸುವ ನೆಪದಲ್ಲಿ ಹಳ್ಳದ ಕಡೆ ಇಳಿದೆ. ನಾನು ಹುಡುಗಿಯಾಗಿದ್ದಾಗ ಆ ತಗ್ಗಿನಲ್ಲಿ ತಲೆಯೆತ್ತರದ ಏಲಕ್ಕಿ ಹಿಂಡಲುಗಳಿದ್ದವು. ಏಲಕ್ಕಿ ಹೂ ಬಿಡುವುದು ತುದಿಯಲ್ಲಲ್ಲ, ಬುಡದಿಂದ ನೆಲದ ಮೇಲೆ ಹರಿಯುವ ಗೊನೆಯಲ್ಲಿ. ಮೊಣಕಾಲೂರಿ ಹುಡುಕಿ ಕೀಳಬೇಕು. ಎಲ್ಲ ಒಟ್ಟಿಗೆ ಬಲಿಯುವುದಿಲ್ಲ, ತಿಂಗಳಿಗೊಮ್ಮೆಯಾದರೂ ಹಿಂಡಲು ಸುತ್ತಬೇಕು. ಐದಾರು ಕಿಲೋ ಹಸಿ ಕಾಯಿ ಒಣಗಿಸಿದರೆ ಒಂದು ಕಿಲೋ. ಈಗ ಆ ತಗ್ಗಿನ ತುಂಬ ಕಾಫಿ. ಹೊಗೆ ಹಾಕಿ ಏಲಕ್ಕಿ ಒಣಗಿಸುತ್ತಿದ್ದ ಕೋಣೆಯಲ್ಲಿ ಸೌದೆ ಒಟ್ಟಿದ್ದರು.

ಹಿಂದೆಯೇ ಅತ್ತೆ ಬಂದು ನಿಂತಿದ್ದರು. “ಗೊತ್ತಾಯ್ತಲ್ಲ ಬಿಡು” ಅಂದರು.

ಕಟ್ಟೆ ರೋಗ ಬಂತಂತೆ. ಎಲೆಯ ಮೇಲೆ ನಡುನರದಿಂದ ಅಂಚಿನವರೆಗೆ ತಿಳಿಹಸಿರು ಗೀರುಗಳು ಏಳುತ್ತವೆ, ವರ್ಷ ವರ್ಷ ಗಿಡ ಕುಗ್ಗುತ್ತದೆ. ಅದು ವೈರಸ್ಸು. ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಒಂದು ಸಣ್ಣ ಹೇನು. ಔಷಧಿ ಇಲ್ಲ, ರೋಗದ ಹಿಂಡಲು ಕಿತ್ತು ನಾಶ ಮಾಡಬೇಕು, ಅಷ್ಟೇ. ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು, ಸಂಶೋಧನಾ ಕೇಂದ್ರ ಇವೆ. ಏಲಕ್ಕಿಯ ತಳಿಯನ್ನೂ ಅಲ್ಲಿ ಬಿಡುಗಡೆ ಮಾಡಿದ್ದಾರೆ. ಆದರೆ ಅಷ್ಟು ಹೊತ್ತಿಗೆ ಮಾವನಿಗೆ ಸಾಕಾಗಿತ್ತು. ಮೂರು ದಿನ ಕಿತ್ತು, ನಾಲ್ಕನೇ ದಿನ ರಾಶಿಗೆ ಬೆಂಕಿ ಕೊಟ್ಟರಂತೆ. “ಹಸಿ ಸೊಪ್ಪು, ಸರಿಯಾಗಿ ಉರೀಲೂ ಇಲ್ಲ ಕಣೇ. ಎರಡು ದಿನ ಹೊಗೆಯಾಡ್ತು. ಏನು ವಾಸನೆ ಅಂತೀ! ಇಡೀ ಊರಿಗೆ ಪಾಯಸದ ವಾಸನೆ. ನಿಮ್ಮ ಮಾವ ಊಟ ಮಾಡಲಿಲ್ಲ” ಅಂದರು. ನೆರಳಿನ ಕಾಡುಮರಗಳು ಕಡಿಮೆಯಾದದ್ದು, ಮಳೆ ಹದ ತಪ್ಪಿದ್ದು, ಸಾಗರದಾಚೆಯ ಗ್ವಾಟೆಮಾಲಾ ದೇಶ ನಮ್ಮನ್ನು ಮೀರಿ ಏಲಕ್ಕಿ ಬೆಳೆದು ಬೆಲೆ ಇಳಿಸಿದ್ದು, ಇವೂ ಇದ್ದವು. ತೇಜಸ್ವಿಯವರ ಅಂಗಡಿಯೇ ಬಂದಿದ್ದರೂ ಯಾರ ಕೈಗೆ ಬೇಡಿ ಹಾಕುತ್ತಿದ್ದ?

“ಆಮೇಲೂ ಚೀಲ ಬರ್ತಿತ್ತಲ್ಲ ಅತ್ತೆ?”

“ನಿಮ್ಮಪ್ಪ ಇರೋ ತನಕ ಒಂದು ವರ್ಷವೂ ಗೌರಿ ಬಾಗಿನ ತಪ್ಪಿಸಲಿಲ್ಲ. ಅವನು ಹೋದಮೇಲೆ ನೀನು ಕಳಿಸ್ತಿದೀಯ. ತವರಿಂದ ತಗೊಂಡು ಬರಿಗೈಲಿ ಕೂತ್ಕೊಳ್ಳೋಕಾಗುತ್ತಾ? ಪೇಟೇಲಿ ಕೊಂಡು ಚೀಲ ಹೊಲೀತಿದ್ದೆ. ಆ ವರ್ಷ ಕೊಳ್ಳೋಕೆ ಹೋದ್ರೆ ಬೆಲೆ ಕೇಳಿ ತಲೆ ತಿರುಗ್ತು. ಅದರ ಮೇಲೆ ನೀನು ಬೇರೆ ಹಾಗಂದಿದ್ದೆ.”

ಬೆಲೆಯ ಮಾತು ನಿಜ. 2019ರ ಆಗಸ್ಟಿನಲ್ಲಿ ಇಡುಕ್ಕಿಯ ಹರಾಜಿನಲ್ಲಿ ಏಲಕ್ಕಿ ಕಿಲೋಗೆ 7,000 ರೂಪಾಯಿ ಮುಟ್ಟಿತ್ತು. ನನ್ನ ಮಾತೂ ನಿಜ. ನನಗೆ ಗೊತ್ತಿರಲಿಲ್ಲ ಅತ್ತೆ ಅಂದೆ. ಗೊತ್ತಿಲ್ಲದೇ ಅಂದದ್ದು ಅಂತ ಅವರಿಗೆ ಆಗಲೇ ತಿಳಿದಿತ್ತಂತೆ. ತಿಳಿದಿದ್ದರೂ ನೋವು ಹೋಗಲಿಲ್ಲವಂತೆ.

ಮಾರನೇ ದಿನ ಅತ್ತೆಯನ್ನೂ ಕರೆದುಕೊಂಡು ಕೊಟ್ಟಿಗೆಹಾರಕ್ಕೆ ಹೋದೆವು. ಮೂಡಿಗೆರೆಯಿಂದ ಸುಮಾರು 20 ಕಿಲೋಮೀಟರ್, ಚಾರ್ಮಾಡಿ ಘಾಟಿಯ ನೆತ್ತಿ. ಅಲ್ಲಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಅವರ ಬದುಕು, ಬರಹದ ಪರಿಚಯವಾಗುತ್ತದೆ. ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಹಾಗೇ ನೀರುದೋಸೆ ತಿನ್ನದೆ ಬರಬೇಡಿ. ಕೊಟ್ಟಿಗೆಹಾರಕ್ಕೆ ಅದೇ ಹೆಸರು. ಮಂಜು ಸರಿದಾಗ ಕಣಿವೆ ಕಾಣುತ್ತದೆ, ನೋಡುತ್ತಿದ್ದ ಹಾಗೇ ಮುಚ್ಚಿಕೊಳ್ಳುತ್ತದೆ. ಅತ್ತೆ ಎರಡು ದೋಸೆಗೆ ಸಾಕೆಂದವರು ಆರು ತಿಂದರು.

ಹೊರಡುವ ದಿನ ಕುಂಕುಮ ಕೊಟ್ಟು, ನನ್ನ ಬ್ಯಾಗಿನೊಳಗೆ ಏನನ್ನೋ ತುರುಕಿದರು. ಬಸ್ಸಿನಲ್ಲಿ ತೆಗೆದು ನೋಡಿದೆ. ಅದೇ ಹಳೇ ಸೀರೆಯ ತುಂಡು, ಅದೇ ಕೈಹೊಲಿಗೆ. ಒಳಗೆ ಕರಿಮೆಣಸು. ಬೇಲೂರು ತಲುಪುವ ಮೊದಲೇ ಅತ್ತೆಯ ಫೋನ್ ಬಂತು. “ಈ ಸಲ ನಮ್ಮ ತೋಟದ್ದೇ ಕಣೇ. ಪಾಯಸಕ್ಕೆ ಹಾಕಿಬಿಟ್ಟೀಯ ಮತ್ತೆ!”