ಪಟ್ಟಿಯಲ್ಲೊಂದು ಅಪರಿಚಿತ ಚಂದಾ

ಕ್ರೆಡಿಟ್ ಕಾರ್ಡಿನ ತಿಂಗಳ ಪಟ್ಟಿಯಲ್ಲಿ ಯಾವುದೋ ಎಂಜಿನಿಯರುಗಳ ಸಂಘದ ಸದಸ್ಯತ್ವ ಶುಲ್ಕ! ಕಥೆ ಬರೆಯುವ ನಮಗೂ ಆ ಸಂಘಕ್ಕೂ ಏನು ನಂಟು? ಮನೆಯವರ ಕಣ್ಣು ಎಂಜಿನಿಯರಿಂಗ್ ಓದುವ ಮಗನತ್ತ ಹೊರಳಿತು. 'ನಾನಲ್ಲ' ಎಂದ. ನಾವು ನಂಬಿದೆವು.

ಪಟ್ಟಿಯಲ್ಲಿ ಅಂಗಡಿಯ ಹೆಸರು ಬೇರೆಯಾಗಿ ಬರುವುದೂ ಉಂಟು. ರಸೀದಿಗಳನ್ನು ತಾಳೆ ನೋಡಿದೆವು, ಹೊಂದಲಿಲ್ಲ. ತಡಮಾಡದೆ ಬ್ಯಾಂಕಿಗೆ ತಿಳಿಸಿ, ಕಾರ್ಡನ್ನು ಸ್ಥಗಿತಗೊಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡೆವು.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗ್ರತೆಯಿಲ್ಲದೆ ಹೊರಗಿನವರು ನಡೆಸಿದ ವಂಚನೆಯನ್ನು, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನದಲ್ಲ. ಹೊಣೆ ಗ್ರಾಹಕನದೆಂದು ಸಾಬೀತುಪಡಿಸಬೇಕಾದದ್ದೂ ಬ್ಯಾಂಕೇ. ಬ್ಯಾಂಕಿನಲ್ಲಿ ಗ್ರಾಹಕನಿಗೆ ಸಿಗುವ ಈ ನ್ಯಾಯ, ಮನೆಯಲ್ಲಿ ಹೆತ್ತ ಮಗನಿಗೆ ಸಿಗಬೇಡವೇ?